ಮಗಳ ಕೈಗೆ ಬಂದ ಮನೆತನ: ವೆಸ್ಟೆರಾಸ್‌ನಲ್ಲಿ ಹೆಸರು ಉಳಿಯುವುದು ಯಾರಿಂದ?

ಕಕ್ಕಬ್ಬೆಯ ಓದುಗ:

ವೆಸ್ಟೆರಾಸ್ ಎಂಬ ಕಲ್ಪಿತ ಖಂಡದಲ್ಲಿ ನಡೆಯುವ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಕಾದಂಬರಿ ಸರಣಿಯನ್ನು ಗಮನವಿಟ್ಟು ಓದಿದವರ ಮುಂದೆ ಒಂದು ಪ್ರಶ್ನೆ ಇಡುತ್ತಿದ್ದೇನೆ. ಗಂಡು ಸಂತಾನವಿಲ್ಲದೆ ಮನೆತನವೊಂದು ಮಗಳ ಕೈಗೆ ಬಂದಾಗ, ಅವಳ ಮಕ್ಕಳು ಯಾರ ಹೆಸರಿನಲ್ಲಿ ಆಳುತ್ತಾರೆ?

ಎರಡು ಉದಾಹರಣೆಗಳನ್ನು ಎದುರುಬದುರು ಇಟ್ಟು ನೋಡಿ. ಪಶ್ಚಿಮದ ದೊರೆ ಮೂರನೆಯ ಜೆರಾಲ್ಡ್ ಲ್ಯಾನಿಸ್ಟರ್ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ, ಅವನ ಒಬ್ಬಳೇ ಮಗಳ ಗಂಡನಾದ ಜಾಫ್ರಿ ಲಿಡನ್ ಎಂಬ ಆ್ಯಂಡಲ್ (ಸಮುದ್ರದಾಚೆಯಿಂದ ಬಂದ ಜನಾಂಗದ) ಯೋಧನಿಗೆ ಮುಖಂಡರ ಸಭೆಯೊಂದು ಪಟ್ಟ ಕಟ್ಟಿತು. ಅವನು ಲಿಡನ್ ಎಂಬ ಹೆಸರನ್ನು ಬಿಟ್ಟು ಲ್ಯಾನಿಸ್ಟರ್ ಆದನು. ಹೀಗಾಗಿ ಕಥೆಯ ಕಾಲದಲ್ಲಿ ಆ ಮನೆತನದ ಯಜಮಾನನಾದ ಟೈವಿನ್ ಲ್ಯಾನಿಸ್ಟರ್ ಅಷ್ಟು ಬಿಗುಮಾನದಿಂದ ಹೊತ್ತು ತಿರುಗುವ ಹೆಸರು ಅವನಿಗೆ ಬಂದಿರುವುದು ಮನೆಯಳಿಯನೊಬ್ಬನ ಮೂಲಕ. ಇನ್ನೊಂದು ಕಡೆ, ಟಾರ್ಗೇರಿಯನ್ ವಂಶದ ಏಗಾನ್ ವೆಸ್ಟೆರಾಸ್ ಗೆಲ್ಲಲು ದಂಡೆತ್ತಿ ಬಂದ ಕಾಲದಲ್ಲಿ ಅವನ ಸೇನಾನಿ ಓರಿಸ್ ಬರಾಥಿಯನ್, ಬಿರುಗಾಳಿ ನಾಡಿನ ದೊರೆ ಆರ್ಗಿಲಾಕ್ ಡುರಾಂಡನ್‌ನನ್ನು ಕಾಳಗದಲ್ಲಿ ಕೊಂದು ಅವನ ಮಗಳು ಆರ್ಗೆಲಾಳನ್ನು ಮದುವೆಯಾದನು. ಕಿರೀಟ ತೊಟ್ಟ ಸಾರಂಗದ ಲಾಂಛನವನ್ನೂ ಮಾವನ ಧ್ಯೇಯವಾಕ್ಯವನ್ನೂ ಕೋಟೆಯನ್ನೂ ತೆಗೆದುಕೊಂಡವನು ಹೆಸರೊಂದನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಡುರಾಂಡನ್ ಎಂಬ ಹೆಸರು ಅಲ್ಲಿಗೇ ಮುಗಿಯಿತು.

ಎರಡು ಕಡೆಯೂ ಉಳಿದಿದ್ದವಳು ಒಬ್ಬಳೇ ಮಗಳು, ಬಂದವನು ಹೊರಗಿನ ಗಂಡು. ಫಲ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಇದಕ್ಕೆ ಕಾರಣವೇನು?

ಸೋಮವಾರಪೇಟೆ ಮೇಷ್ಟ್ರು:

ಈ ಪಟ್ಟಿಗೆ ವಿಂಟರ್‌ಫೆಲ್ ಕೋಟೆಯಿಂದ ಉತ್ತರ ನಾಡನ್ನು ಆಳುವ ಸ್ಟಾರ್ಕ್ ಮನೆತನವನ್ನು ಸೇರಿಸದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ. 1998ರಲ್ಲಿ ಬಂದ ಎರಡನೆಯ ಸಂಪುಟದಲ್ಲಿ ಇಗ್ರಿಟ್ ಎಂಬ, ಉತ್ತರ ಗಡಿಯ ಹಿಮದ ಗೋಡೆಯಾಚೆಯ ಹೆಣ್ಣು, ಸ್ಟಾರ್ಕ್ ಮನೆಯಲ್ಲಿ ಬೆಳೆದ ಜಾನ್ ಸ್ನೋಗೆ ಹಾಡುಗಾರ ಬೇಲ್‌ನ ಕಥೆಯನ್ನು ಹೇಳುತ್ತಾಳೆ. ಬೇಲ್ ವೇಷ ಮರೆಸಿಕೊಂಡು ವಿಂಟರ್‌ಫೆಲ್‌ಗೆ ಬಂದು, ಹಾಡಿ ಮೆಚ್ಚಿಸಿ, ಬಹುಮಾನವಾಗಿ ಚಳಿಗಾಲದ ಗುಲಾಬಿಯೊಂದನ್ನು ಕೇಳುತ್ತಾನೆ. ಮರುದಿನ ಬೆಳಗ್ಗೆ ಪ್ರಭು ಬ್ರ್ಯಾಂಡನ್‌ನ ಒಬ್ಬಳೇ ಮಗಳು ಕಾಣೆಯಾಗಿರುತ್ತಾಳೆ, ಅವಳ ಹಾಸಿಗೆಯ ಮೇಲೆ ಆ ಹೂವಿರುತ್ತದೆ. ಎಲ್ಲೆಡೆ ಹುಡುಕಿಸಿ ಸೋತ ತಂದೆ ವಂಶ ಮುಗಿಯಿತೆಂದು ಮಂಚ ಹಿಡಿದಿದ್ದಾಗ ಮಗುವಿನ ಅಳು ಕೇಳಿಸಿ, ಅವಳು ಎದೆಯಲ್ಲಿ ಕೂಸನ್ನಿಟ್ಟುಕೊಂಡು ಹಿಂದಿರುಗಿರುವುದು ಗೊತ್ತಾಗುತ್ತದೆ. ಅವರು ಅಷ್ಟು ದಿನವೂ ಕೋಟೆಯ ಕೆಳಗಿನ ಸಮಾಧಿಗಳ ನಡುವೆಯೇ ಅಡಗಿದ್ದರಂತೆ. ಆ ಕೂಸೇ ಮುಂದೆ ಪ್ರಭು ಸ್ಟಾರ್ಕ್ ಆಯಿತು.

ಜಾನ್ ಇದನ್ನು ನಂಬುವುದಿಲ್ಲ. ನಂಬದಿರಲು ಅವನಿಗೆ ಕಾರಣವೂ ಇದೆ, ಏಕೆಂದರೆ ಕಥೆ ನಿಜವಾದರೆ ಸ್ಟಾರ್ಕರ ತಂದೆಯ ಕಡೆಯ ರಕ್ತ ಗೋಡೆಯಾಚೆಯದಾಗುತ್ತದೆ. ಅಭಿಮಾನಿಗಳಲ್ಲಿ ಹಲವರು ‘ಎಂಟು ಸಾವಿರ ವರ್ಷಗಳ ಮುರಿಯದ ವಂಶ’ ಎಂದು ಸ್ಟಾರ್ಕರನ್ನು ಕೊಂಡಾಡುವುದನ್ನು ಕೇಳಿದಾಗಲೆಲ್ಲ ನನಗೆ ಜಾನ್‌ನ ಗೆಳೆಯ ಸ್ಯಾಮ್‌ವೆಲ್ ಟಾರ್ಲಿಯ ಮಾತು ನೆನಪಾಗುತ್ತದೆ. ಮೊದಲ ಮಾನವರು ಕಲ್ಲಿನ ಮೇಲೆ ಕೆತ್ತಿದ ಗುರುತುಗಳನ್ನಷ್ಟೇ ಬಿಟ್ಟುಹೋದರು, ಪ್ರಾಚೀನ ದೊರೆಗಳ ಬಗ್ಗೆ ನಾವು ತಿಳಿದಿರುವುದೆಲ್ಲವೂ ಆ್ಯಂಡಲರು ಬಂದ ಮೇಲೆ, ಅಂದರೆ ಸಾವಿರಾರು ವರ್ಷಗಳ ನಂತರ ಬರೆದದ್ದು ಎಂದು ಅವನು ಜಾನ್‌ಗೆ ಹೇಳುತ್ತಾನೆ. ಅಷ್ಟು ದೀರ್ಘ ಕಾಲದಲ್ಲಿ ಒಮ್ಮೆಯೂ ಮಗಳ ಮೂಲಕ ಹಾದುಹೋಗದ ಮನೆತನ ಇರುವುದು ಅಸಂಭವ. ಹಾದುಹೋದದ್ದನ್ನು ಮರೆಯುವ ಜಾಣ್ಮೆ ಕೆಲವರಿಗೆ ಇತ್ತು ಎಂಬುದಷ್ಟೇ ವ್ಯತ್ಯಾಸ.

ಗೋಣಿಕೊಪ್ಪಲಿನ ಅಕ್ಕ:

ಮೇಷ್ಟ್ರೇ, ತಾವು ರಕ್ತದ ಕುರಿತು ಹೇಳಿದಿರಿ. ಪ್ರಶ್ನೆ ಇರುವುದು ಹೆಸರಿನದು. ನಮ್ಮ ಕೊಡಗಿನಲ್ಲಿ ಕುಳಿತು ಈ ಪುಸ್ತಕಗಳನ್ನು ಓದುವವರಿಗೆ ಇಂತಹ ಪ್ರಸಂಗಗಳು ವಿಚಿತ್ರವೆನಿಸಬೇಕಿಲ್ಲ, ಏಕೆಂದರೆ ಕೊಡವರ ಒಕ್ಕದ (ಒಂದೇ ಮೂಲಪುರುಷನಿಂದ ಬಂದ ಮನೆತನದ) ವ್ಯವಸ್ಥೆಯಲ್ಲಿ ಇದೇ ಸಮಸ್ಯೆಗೆ ಎರಡು ಪ್ರತ್ಯೇಕ ಪರಿಹಾರಗಳಿವೆ. ಗೊತ್ತಿಲ್ಲದವರಿಗಾಗಿ ವಿವರಿಸುತ್ತೇನೆ.

ಸಾಮಾನ್ಯ ಮದುವೆಯಲ್ಲಿ ಹೆಣ್ಣು ತನ್ನ ಒಕ್ಕದಿಂದ ಗಂಡನ ಒಕ್ಕಕ್ಕೆ ಸೇರುತ್ತಾಳೆ. ಎರಡೂ ಕಡೆಯ ಅರುವರು (ಒಕ್ಕದ ಪರವಾಗಿ ಮಾತನಾಡುವವರು) ಎದುರುಬದುರು ನಿಂತು ಸಂಬಂಧ ಕೊಡುವ ಶಾಸ್ತ್ರ ನಡೆಸುವುದನ್ನು ನೋಡಿದವರಿಗೆ, ಅಲ್ಲಿ ಹಕ್ಕುಗಳು ಎಷ್ಟು ಸ್ಪಷ್ಟವಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ ಎಂಬುದು ತಿಳಿದಿರುತ್ತದೆ. ಆದರೆ ಒಕ್ಕದಲ್ಲಿ ಗಂಡು ದಿಕ್ಕಿಲ್ಲದೆ ಹೋದಾಗ ಒಕ್ಕ ಪರಿಜೆ ಎಂಬ ಕ್ರಮವಿದೆ. ಅದರಲ್ಲಿ ಗಂಡನೇ ತನ್ನ ಹುಟ್ಟಿದ ಒಕ್ಕವನ್ನೂ ಅಲ್ಲಿಯ ಹಕ್ಕುಗಳನ್ನೂ ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ, ಮಕ್ಕಳೂ ಅದೇ ಒಕ್ಕದವರಾಗುತ್ತಾರೆ. ಮಕ್ಕ ಪರಿಜೆ ಎಂಬ ಇನ್ನೊಂದು ಕ್ರಮದಲ್ಲಿ ಗಂಡ ತನ್ನ ಒಕ್ಕದಲ್ಲಿಯೇ ಉಳಿಯುತ್ತಾನೆ, ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಐನ್‌ಮನೆಯ (ಒಕ್ಕದ ಮೂಲಮನೆಯ) ದೀಪ ಆರಬಾರದು, ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ಕಾರೋಣನಿಗೆ (ಮೂಲಪುರುಷನಿಗೆ) ಎಡೆ ಇಡುವ ಕೈ ಇರಬೇಕು, ವಂಶಪಾರಂಪರ್ಯದ ಜಮ್ಮಾ ಭೂಮಿ ಒಕ್ಕದ ಹೆಸರಿನಲ್ಲಿಯೇ ಇರಬೇಕು ಎಂಬುದು ಎರಡರ ಹಿಂದೆಯೂ ಇರುವ ಉದ್ದೇಶ.

ಈಗ ವೆಸ್ಟೆರಾಸ್‌ಗೆ ಬನ್ನಿ. ಜಾಫ್ರಿ ಲಿಡನ್‌ನದು ಅಪ್ಪಟ ಒಕ್ಕ ಪರಿಜೆ. ಹೆಸರು ಬಿಟ್ಟ, ಮನೆ ಬಿಟ್ಟ, ಹೆಂಡತಿಯ ಮನೆತನದವನಾದ. ಕರಡಿ ದ್ವೀಪದ ಮಾರ್ಮಾಂಟ್ ಮನೆತನದ್ದು ಮಕ್ಕ ಪರಿಜೆಗೆ ಹತ್ತಿರ. ಮೇಜ್ ಮಾರ್ಮಾಂಟ್‌ಳ ಅಣ್ಣ ಜಿಯೊರ್ ಗೋಡೆಯ ಕಾವಲಿಗೆ ಹೋದ, ಅಣ್ಣನ ಮಗ ಜೋರಾ ದೇಶಭ್ರಷ್ಟನಾದ, ಆಮೇಲೆ ದ್ವೀಪ ಅವಳ ಕೈಗೆ ಬಂತು. ಡೇಸಿ, ಅಲಿಸೇನ್, ಲೈರಾ, ಜೋರೆಲ್, ಲಯಾನಾ ಎಂಬ ಅವಳ ಐವರು ಹೆಣ್ಣುಮಕ್ಕಳೂ ಮಾರ್ಮಾಂಟ್‌ಗಳೇ. ಅವರ ತಂದೆ ಯಾರು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಅಲಿಸೇನ್ ತನ್ನ ಮಕ್ಕಳ ತಂದೆಯ ಬಗ್ಗೆ ಕೇಳಿದವರಿಗೆ ‘ಕರಡಿ’ ಎಂದು ಉತ್ತರ ಕೊಟ್ಟು ಮಾತು ಮುಗಿಸುತ್ತಾಳೆ. ಆ ಉತ್ತರವನ್ನು ಓದಿದಾಗ ನನಗೆ ನಗು ಬಂದರೂ, ಉತ್ತರ ನಾಡಿನ ಅಷ್ಟು ದೊಡ್ಡ ದೊಡ್ಡ ಮನೆತನಗಳಲ್ಲಿ ಯಾರೂ ಆ ಮಕ್ಕಳ ಹೆಸರನ್ನು ಪ್ರಶ್ನಿಸಿದಂತೆ ಕಾಣದಿರುವುದು ಗಮನಿಸಬೇಕಾದ ಸಂಗತಿ.

ದಕ್ಷಿಣದ ಡಾರ್ನ್ ನಾಡನ್ನು ಆಳುವ ಮಾರ್ಟೆಲ್ ಮನೆತನವೂ ಇದೇ ಸಾಲಿಗೆ ಸೇರುತ್ತದೆ.

ಕುಶಾಲನಗರದಿಂದ ಒಬ್ಬರು:

ಅಕ್ಕ, ಮಾರ್ಟೆಲ್‌ಗಳ ವಿಷಯದಲ್ಲಿ ನನ್ನ ಆಕ್ಷೇಪವಿದೆ. ಹತ್ತು ಸಾವಿರ ಹಡಗುಗಳೊಂದಿಗೆ ರೋಯ್ನ್ ನದಿಯ ನಾಡಿನಿಂದ ಓಡಿ ಬಂದ ರಾಣಿ ನೈಮೇರಿಯಾ ಮದುವೆಯಾದದ್ದು ಮೋರ್ಸ್ ಮಾರ್ಟೆಲ್‌ನನ್ನು. ಮನೆತನಕ್ಕೆ ಉಳಿದ ಹೆಸರು ಗಂಡನದು. ಅವಳ ಹೆಸರು ‘ನೈಮೇರೋಸ್ ಮಾರ್ಟೆಲ್’ ಎಂಬಲ್ಲಿ ಮುಂದೆ ಅಂಟಿಕೊಂಡಿದೆಯಾದರೂ ದಿನಬಳಕೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಹಾಗಾದರೆ ಹೆಂಡತಿಯಿಂದ ಬಂದದ್ದು ಏನು? ಕಾನೂನು. ಹಿರಿಯ ಮಗು ಗಂಡಾಗಲಿ ಹೆಣ್ಣಾಗಲಿ ಅದಕ್ಕೇ ಪಟ್ಟ ಎಂಬ ರೋಯ್ನರ ಕ್ರಮ.

ಆ ಕ್ರಮದ ಮೊದಲ ಪರೀಕ್ಷೆ ನಡೆದದ್ದೂ ಅವಳ ಮನೆಯಲ್ಲಿಯೇ. ನೈಮೇರಿಯಾ ಮೂರು ಮದುವೆಯಾದಳು. ಮೂರನೆಯ ಗಂಡ ಡಾವೋಸ್ ಡೇನ್‌ನಿಂದ ಅವಳಿಗೆ ಒಬ್ಬನೇ ಮಗನಿದ್ದನು. ಆದರೂ ಅವಳ ನಂತರ ಪಟ್ಟಕ್ಕೆ ಬಂದವಳು ಮೋರ್ಸ್‌ನಿಂದ ಹುಟ್ಟಿದ ಹಿರಿಯ ಮಗಳು. ಮಗನಿಗೆ ಪಟ್ಟ ಸಿಕ್ಕಿದ್ದರೆ ಡಾರ್ನ್ ಡೇನ್ ಮನೆತನದ ಕೈಗೆ ಹೋಗುತ್ತಿತ್ತು. ಅಂದರೆ ಮಗಳಿಗೆ ಹಕ್ಕು ಕೊಡುವ ಕ್ರಮವೇ ಮಾರ್ಟೆಲ್ ಎಂಬ ಗಂಡಿನ ಹೆಸರನ್ನು ಉಳಿಸಿತು. ಇದನ್ನು ಮಕ್ಕ ಪರಿಜೆ ಎನ್ನುವುದು ಹೇಗೆ?

ಗೋಣಿಕೊಪ್ಪಲಿನ ಅಕ್ಕ:

ಮೊದಲ ತಲೆಮಾರಿಗೆ ನಿಮ್ಮ ಮಾತು ಸರಿ. ನಾನು ಹೇಳಿದ್ದು ಅನಂತರದ ತಲೆಮಾರುಗಳ ಬಗ್ಗೆ. ಕಥೆಯ ಕಾಲದಲ್ಲಿ ಡಾರ್ನ್ ಆಳುವ ಡೋರಾನ್ ಮಾರ್ಟೆಲ್‌ನ ತಾಯಿ ತಾನೇ ಆಳುವ ರಾಜಕುಮಾರಿಯಾಗಿದ್ದಳು. ಡೋರಾನ್, ಎಲಿಯಾ, ಓಬೆರಿನ್ ಮೂವರೂ ತಾಯಿಯ ಹೆಸರನ್ನೇ ಹೊತ್ತವರು. ಅವರ ತಂದೆಯ ಮನೆತನ ಯಾವುದೆಂದು ಕಥೆಯಲ್ಲಿ ಯಾರೂ ಕೇಳುವುದೇ ಇಲ್ಲ. ಮುಂದೆ ಡೋರಾನ್‌ನ ಹಿರಿಯ ಮಗಳು ಅರಿಯಾನ್ ಪಟ್ಟಕ್ಕೆ ಬಂದರೂ ಹಾಗೆಯೇ ನಡೆಯುತ್ತದೆ ಎಂಬುದರಲ್ಲಿ ಅಲ್ಲಿನವರಿಗೆ ಸಂಶಯವಿಲ್ಲ. ತನ್ನನ್ನು ಬಿಟ್ಟು ತಮ್ಮ ಕ್ವೆಂಟಿನ್‌ಗೆ ಪಟ್ಟ ಕೊಡುತ್ತಾರೆಂಬ ಗುಮಾನಿಯಿಂದ ಅವಳು ಮಾಡಿಕೊಳ್ಳುವ ರಾದ್ಧಾಂತ ಬೇರೆಯ ಮಾತು.

ಸಿದ್ದಾಪುರದ ತೋಟದಿಂದ:

ದೊರೆ ವಿಸೇರಿಸ್ ತನ್ನ ಉತ್ತರಾಧಿಕಾರಿಯೆಂದು ಹೆಸರಿಸಿದ ಮಗಳು ರೆನೀರಾ ಟಾರ್ಗೇರಿಯನ್‌ಳ ಮಕ್ಕಳ ಹೆಸರಿನ ವಿಚಾರವನ್ನೂ ಯಾರಾದರೂ ಸ್ಪಷ್ಟಪಡಿಸಬೇಕು. 2022ರಲ್ಲಿ ಆರಂಭವಾದ ‘ಹೌಸ್ ಆಫ್ ದ ಡ್ರ್ಯಾಗನ್’ ದೂರದರ್ಶನ ಸರಣಿಯಲ್ಲಿ ವಿಸೇರಿಸ್ ಮತ್ತು ಕಾರ್ಲಿಸ್ ವೆಲಾರಿಯನ್ ಬೀಗತನದ ಮಾತುಕತೆಗೆ ಕುಳಿತಾಗ, ಮಕ್ಕಳು ಹುಟ್ಟಿನಿಂದ ವೆಲಾರಿಯನ್‌ಗಳಾಗಿರಲಿ, ಸಿಂಹಾಸನ ಏರುವ ಹಿರಿಯ ಮಗು ಮಾತ್ರ ಟಾರ್ಗೇರಿಯನ್ ಹೆಸರಿನಲ್ಲಿ ಆಳಲಿ ಎಂದು ಒಪ್ಪಂದವಾಗುತ್ತದೆ. ಇಬ್ಬರೂ ವ್ಯಾಪಾರಿಗಳಂತೆ ಚೌಕಾಸಿ ಮಾಡುವ ಆ ದೃಶ್ಯ ನನಗೆ ಬಹಳ ಇಷ್ಟ. 2018ರ ‘ಫೈರ್ ಆ್ಯಂಡ್ ಬ್ಲಡ್’ ಗ್ರಂಥದಲ್ಲಿ ಆ ಮಕ್ಕಳು ವೆಲಾರಿಯನ್‌ಗಳೇ. ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಆ ಮೂವರು ಗಂಡುಮಕ್ಕಳೂ ಸತ್ತದ್ದರಿಂದ ಒಪ್ಪಂದದ ಪರೀಕ್ಷೆಯೇ ನಡೆಯಲಿಲ್ಲ. ಮುಂದೆ ಪಟ್ಟವೇರಿದ ಮೂರನೆಯ ಏಗಾನ್ ರೆನೀರಾ ಮತ್ತು ಅವಳ ಎರಡನೆಯ ಗಂಡ ಡೇಮನ್‌ರ ಮಗ. ತಾಯಿ ತಂದೆ ಇಬ್ಬರೂ ಟಾರ್ಗೇರಿಯನ್ ಆಗಿದ್ದರಿಂದ ಹೆಸರಿನ ಪ್ರಶ್ನೆ ತಾನಾಗಿಯೇ ಬಗೆಹರಿಯಿತು.

ಮಡಿಕೇರಿಯ ಹಳೆಯ ಓದುಗ:

ರೆನೀರಾಳ ಹೆಸರು ಬಂದದ್ದರಿಂದ ಒಂದು ಸಂಗತಿಯನ್ನು ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ವೆಸ್ಟೆರಾಸ್‌ನ ಸಾಮಾನ್ಯ ಪ್ರಭುಗಳ ಮನೆಗಳಲ್ಲಿ ನಡೆಯುವ ಆ್ಯಂಡಲ್ ಕ್ರಮದ ಪ್ರಕಾರ ಮಗನಾದ ಮೇಲೆ ಮಗಳು, ಮಗಳಾದ ಮೇಲೆ ತಮ್ಮ. ಅಂದರೆ ಚಿಕ್ಕಪ್ಪನಿಗಿಂತ ಮಗಳ ಹಕ್ಕು ಮೊದಲು. ಇಡೀ ವೆಸ್ಟೆರಾಸ್ ಆಳುವ ದೊರೆಯ ಉಕ್ಕಿನ ಸಿಂಹಾಸನ ಮಾತ್ರ, ಏಗಾನ್ ಗೆದ್ದ ನಂತರದ 101ನೆಯ ವರ್ಷದ ಹ್ಯಾರನ್‌ಹಾಲ್ ಮಹಾಸಭೆಯಿಂದ, ಹೆಣ್ಣಿಗಿಂತ ಗಂಡಿಗೇ ಮೊದಲ ಹಕ್ಕೆಂಬ ಬೇರೆ ದಾರಿ ಹಿಡಿಯಿತು. ಅದರ ಫಲವನ್ನು ಅನುಭವಿಸಿದವಳೆಂದು ಎಲ್ಲರೂ ರೆನೀರಾಳನ್ನು ಹೆಸರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಶುದ್ಧವಾದ ಉದಾಹರಣೆ ಡೇನಾಳದು. 171ರಲ್ಲಿ ಬೇಲರ್ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಅವನ ಹಿರಿಯ ತಂಗಿ ಡೇನಾ ಇದ್ದಳು. ಪಟ್ಟ ಹೋದದ್ದು ಅವರ ಚಿಕ್ಕಪ್ಪ ಎರಡನೆಯ ವಿಸೇರಿಸ್‌ಗೆ. ಅವನು ಅದುವರೆಗೆ ಅಣ್ಣನ ಮಕ್ಕಳ ಕೈಕೆಳಗೆ ಮಂತ್ರಿಯಾಗಿ ಇಡೀ ರಾಜ್ಯಭಾರವನ್ನು ನಡೆಸಿದ್ದವನು. ಡೇನಾಳನ್ನೂ ಅವಳ ತಂಗಿಯರನ್ನೂ ಬೇಲರ್ ವರ್ಷಗಟ್ಟಲೆ ಅರಮನೆಯೊಳಗೆ ಕೂಡಿಹಾಕಿದ್ದರಿಂದ ಅವರ ಪರ ಮಾತನಾಡುವ ಪ್ರಭುಗಳೇ ಇರಲಿಲ್ಲ.

ಮಡಿಕೇರಿಯಲ್ಲಿರುವವರಿಗೆ ಈ ಕಥೆ ಎಲ್ಲೋ ಕೇಳಿದಂತಿದೆಯಲ್ಲ ಎನಿಸಬೇಕು. ಕೊಡಗನ್ನು ಆಳಿದ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ತನ್ನ ನಂತರ ಮಗಳು ದೇವಮ್ಮಾಜಿಗೇ ಪಟ್ಟವಾಗಬೇಕೆಂದು ಬಯಸಿದನು, ಅದಕ್ಕಾಗಿ ಇಂಗ್ಲಿಷ್ ಕಂಪನಿಯವರ ಆಶ್ವಾಸನೆಯನ್ನೂ ಅಪೇಕ್ಷಿಸಿದನು. 1809ರಲ್ಲಿ ಅವನು ತೀರಿಕೊಂಡಾಗ ಬಾಲಕಿಯ ಹೆಸರಿನಲ್ಲಿ ಆಡಳಿತ ನಡೆಯಿತು. ಎರಡು ವರ್ಷ ತುಂಬುವಷ್ಟರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ಆಡಳಿತವನ್ನು ಕೈಗೆ ತೆಗೆದುಕೊಂಡು 1811ರಲ್ಲಿ ತಾನೇ ದೊರೆಯಾದನು. 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಬಂದನು, 1834ರಲ್ಲಿ ಕಂಪನಿ ಅವನನ್ನು ಇಳಿಸಿತು. ತಂದೆಯ ಇಚ್ಛೆ, ದೂರದವರು ಕೊಟ್ಟ ಮಾತು ಎರಡೂ ಇದ್ದರೂ, ಕೋಟೆಯೊಳಗೆ ಅವಳ ಪರ ನಿಲ್ಲುವ ಬಲ ಯಾರಿಗೂ ಇರಲಿಲ್ಲ.

ಇನ್ನೊಂದು ಹೋಲಿಕೆಯೂ ಇದೆ. ‘ಫೈರ್ ಆ್ಯಂಡ್ ಬ್ಲಡ್’ ಗಿಲ್ಡೇನ್ ಎಂಬ ಕಲ್ಪಿತ ಪಂಡಿತನು ಪರಸ್ಪರ ಒಪ್ಪದ ಆಕರಗಳನ್ನು ತೂಗಿ ನೋಡಿ ಬರೆದ ಚರಿತ್ರೆಯ ರೂಪದಲ್ಲಿದೆ. ನಮ್ಮ ‘ರಾಜೇಂದ್ರನಾಮೆ’ ದೊರೆಯೇ ಬರೆಯಿಸಿದ ಚರಿತ್ರೆ, 1633ರಿಂದ 1807ರವರೆಗಿನದು. ಯಾರು ಬರೆಯಿಸಿದರು, ಯಾರಿಗೆ ಪಟ್ಟ ಸಿಗಲೆಂದು ಬರೆಯಿಸಿದರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕಾದ ಗ್ರಂಥಗಳು ಇವೆರಡೂ.

ಕಕ್ಕಬ್ಬೆಯ ಓದುಗ:

ತಮ್ಮ ವಿವರಣೆಗೆ ಧನ್ಯವಾದಗಳು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಾಲೇರಿಯವರು ಲಿಂಗಾಯತ ದೊರೆಗಳು, ಅವರ ಉತ್ತರಾಧಿಕಾರಕ್ಕೂ ಕೊಡವರ ಒಕ್ಕದ ಪರಿಜೆಗಳಿಗೂ ಸಂಬಂಧವಿಲ್ಲ. ಇದೇ ಊರಿನ ಮಾತೆಂದು ಎರಡನ್ನೂ ಬೆರೆಸಿದರೆ ಚರ್ಚೆ ಗೋಜಲಾಗುತ್ತದೆ. ಅರಮನೆಯಲ್ಲಿ ಪಟ್ಟ ಒಬ್ಬರಿಗೇ. ಒಕ್ಕದಲ್ಲಿ ಪಟ್ಟೆದಾರ (ಯಜಮಾನ) ಹಿರಿಯನಾದರೂ ಆಸ್ತಿ ಎಲ್ಲರದು, ಆದುದರಿಂದ ಹೆಸರು ಉಳಿಯಬೇಕೆಂದು ಹಟ ಹಿಡಿಯುವವರೂ ಹಲವರಿರುತ್ತಾರೆ.

ಮಡಿಕೇರಿಯ ಹಳೆಯ ಓದುಗ:

ಒಪ್ಪಿದೆ. ನಾನು ದೇವಮ್ಮಾಜಿಯನ್ನು ಡೇನಾಳ ಪಕ್ಕದಲ್ಲಿ ಇಟ್ಟೆನೇ ಹೊರತು ಲ್ಯಾನಿಸ್ಟರ್ ಮಗಳ ಪಕ್ಕದಲ್ಲಿ ಅಲ್ಲ.

ವಿರಾಜಪೇಟೆ ವಕೀಲರು:

ಎಲ್ಲರೂ ಮೂಲ ಪ್ರಶ್ನೆಯ ಅರ್ಧವನ್ನು, ಅಂದರೆ ಓರಿಸ್ ಬರಾಥಿಯನ್‌ನನ್ನು ಬಿಟ್ಟುಬಿಟ್ಟಿದ್ದೀರಿ. ಹೆಚ್ಚಿನವರು ಅದಕ್ಕೆ ಕೊಡುವ ಉತ್ತರ ‘ಗೆದ್ದವನು ಸೋತವನ ಹೆಸರನ್ನು ಏಕೆ ಹೊರಬೇಕು’ ಎಂಬುದು. ಅದು ಸಾಲದು. ಗೆದ್ದವನಿಗೆ ಸೋತವನ ಲಾಂಛನವೂ ಧ್ಯೇಯವಾಕ್ಯವೂ ಬೇಕಾಗಿರಲಿಲ್ಲ, ಆದರೂ ವೀರಾವೇಶದಿಂದ ಹೋರಾಡಿ ಮಡಿದ ದೊರೆಯ ಗೌರವಾರ್ಥವಾಗಿ ಓರಿಸ್ ಅವನ್ನು ತೆಗೆದುಕೊಂಡನು ಎಂದು 2014ರ ‘ದಿ ವರ್ಲ್ಡ್ ಆಫ್ ಐಸ್ ಆ್ಯಂಡ್ ಫೈರ್’ ಹೇಳುತ್ತದೆ. ಇಷ್ಟು ಗೌರವ ತೋರಿದವನು ಹೆಸರಿನ ಬಳಿ ಬಂದು ನಿಂತದ್ದೇಕೆ?

ನಿಂತದ್ದಲ್ಲ, ಮುಂದೆ ಹೋಗೆಂದು ಕೇಳುವವರು ಯಾರೂ ಇರಲಿಲ್ಲ ಎಂಬುದು ನನ್ನ ವಾದ. ತಂದೆ ಸತ್ತ ಸುದ್ದಿ ಬಂದಾಗ ಆರ್ಗೆಲಾ ಕೋಟೆಯ ಬಾಗಿಲು ಹಾಕಿಸಿ ತಾನೇ ಬಿರುಗಾಳಿ ನಾಡಿನ ರಾಣಿ ಎಂದು ಸಾರಿದಳು, ಕಡೆಯ ಮನುಷ್ಯನವರೆಗೆ ಹೋರಾಡುವುದಾಗಿ ಹೇಳಿದಳು. ಅವಳ ಕಾವಲು ಪಡೆಗೆ ಸಾಯುವ ಮನಸ್ಸಿರಲಿಲ್ಲ. ಅದೇ ರಾತ್ರಿ ಅವಳ ಸೈನಿಕರೇ ಅವಳನ್ನು ಸಂಕೋಲೆಯಲ್ಲಿ ಬಿಗಿದು, ಬಾಯಿಗೆ ಬಟ್ಟೆ ತುರುಕಿ, ಬೆತ್ತಲೆಯಾಗಿ ತಂದು ಶತ್ರುವಿನ ಬಿಡಾರದಲ್ಲಿ ಒಪ್ಪಿಸಿದರು. ಸಂಕೋಲೆ ಬಿಡಿಸಿ ಮೈಮೇಲೆ ತನ್ನ ಮೇಲಂಗಿ ಹೊದಿಸಿದವನು ಓರಿಸ್. ಆ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರೆಂದು ಕುಳಿತುಕೊಳ್ಳಲು ಒಬ್ಬನಾದರೂ ಇದ್ದನೇ? ಅಕ್ಕ ಹೇಳಿದ ಅರುವನ ಜಾಗ ಅಲ್ಲಿ ಖಾಲಿಯಾಗಿತ್ತು.

ಲ್ಯಾನಿಸ್ಟರ್ ಮಗಳ ಕಡೆಗೆ ನೋಡಿ. ಅವಳ ಹೆಸರು ಕೂಡ ನಮಗೆ ಸಿಗುವುದಿಲ್ಲ. ಆದರೆ ಅವಳ ಹಿಂದೆ ಒಂದು ಸಭೆ ಇತ್ತು. ಪಟ್ಟ ಕೊಡುವ ಅಧಿಕಾರ ತಮ್ಮ ಕೈಯಲ್ಲಿದ್ದಾಗ ಆ ಮುಖಂಡರು ಹೆಸರನ್ನು ಷರತ್ತಾಗಿ ಇಟ್ಟಿರಲೇಬೇಕು ಎಂದು ನಾನು ಊಹಿಸುತ್ತೇನೆ, ಏಕೆಂದರೆ ಲಿಡನ್ ದೊರೆಯೊಬ್ಬನ ಅಡಿಯಾಳುಗಳಾಗುವುದು ಅವರಿಗೆ ತಲೆತಗ್ಗಿಸುವ ಸಂಗತಿ, ಲ್ಯಾನಿಸ್ಟರ್ ದೊರೆಯ ಅಡಿಯಲ್ಲಿ ಮುಂದುವರಿಯುವುದು ಹಾಗಲ್ಲ.

ಕುಶಾಲನಗರದಿಂದ ಒಬ್ಬರು:

ಡುರಾಂಡನ್ ಎಂಬುದು ರಾಜವಂಶದ ಹೆಸರಾದ್ದರಿಂದ ಏಗಾನ್ ಅದನ್ನು ಉಳಿಯಗೊಡಲಿಲ್ಲ ಎಂದೂ ಹೇಳಬಹುದಲ್ಲವೇ?

ವಿರಾಜಪೇಟೆ ವಕೀಲರು:

ಸ್ಟಾರ್ಕ್, ಲ್ಯಾನಿಸ್ಟರ್, ಆ್ಯರಿನ್ ಇವೂ ರಾಜವಂಶಗಳೇ ಆಗಿದ್ದವು. ಮಂಡಿಯೂರಿದ ಮೇಲೆ ಏಗಾನ್ ಆ ಹೆಸರುಗಳನ್ನು ಮುಟ್ಟಲಿಲ್ಲ. ನಿಮ್ಮ ವಾದಕ್ಕೆ ಬಲ ಸಿಗುವುದು ಇನ್ನೊಂದು ರಾಜವಂಶವಾದ ಗಾರ್ಡನರ್ ಮನೆತನದಿಂದ ಎನ್ನುತ್ತೀರೇನೋ, ಆದರೆ ಅವರು ಏಗಾನ್‌ನ ಡ್ರ್ಯಾಗನ್‌ಗಳು ಬೆಂಕಿ ಉಗುಳಿದ ‘ಬೆಂಕಿಯ ಬಯಲು’ ಕಾಳಗದಲ್ಲಿ ಒಬ್ಬರೂ ಉಳಿಯದೆ ಸುಟ್ಟುಹೋದವರು. ಅಲ್ಲಿ ಹೆಸರನ್ನು ಉಳಿಸಿಕೊಳ್ಳಬೇಕಾದ ಮಗಳೇ ಇರಲಿಲ್ಲ.

ನಾಪೋಕ್ಲಿನಿಂದ:

ಹ್ಯಾರನ್‌ಹಾಲ್ ಕೋಟೆಯನ್ನು ಕೂಡ ಒಮ್ಮೆ ನೆನೆಯಿರಿ. ಹೋರ್, ಕೋಹೆರಿಸ್, ಹ್ಯಾರೋವೇ, ಟವರ್ಸ್, ಸ್ಟ್ರಾಂಗ್, ಲಾಥ್‌ಸ್ಟನ್, ವೆಂಟ್ ಹೀಗೆ ಒಂದಾದ ಮೇಲೊಂದು ಮನೆತನ ಬಂದು ಅಳಿಯಿತು. ಜನ ಅದನ್ನು ಶಾಪ ಎನ್ನುತ್ತಾರೆ. ವಕೀಲರ ವಾದದಂತೆ ನೋಡಿದರೆ ಅಲ್ಲಿ ಬಂದವರೆಲ್ಲ ದೊರೆಯ ಕೃಪೆಯಿಂದ ಬಂದವರು, ಬೇರು ಬಿಡುವಷ್ಟು ಕಾಲ ಯಾವ ಮನೆಯೂ ನಿಲ್ಲಲಿಲ್ಲ, ಹೆಸರಿಗಾಗಿ ಹಟ ಹಿಡಿಯುವ ನೆಂಟರು ಬೆಳೆಯಲಿಲ್ಲ. ಇಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಒಕ್ಕಗಳ ಕೌಟುಂಬಿಕ ಹಾಕಿಯಂತಹ ಪಂದ್ಯಾವಳಿ ವೆಸ್ಟೆರಾಸ್‌ನಲ್ಲಿ ನಡೆದರೆ ಹ್ಯಾರನ್‌ಹಾಲ್‌ನಿಂದ ಪ್ರತಿ ವರ್ಷವೂ ಹೊಸ ಹೆಸರಿನ ತಂಡ ಬರುತ್ತಿತ್ತು.

ಗೋಣಿಕೊಪ್ಪಲಿನ ಅಕ್ಕ:

ಕರಡಿ ದ್ವೀಪದವರ ತಂಡ ಕಪ್ ಒಯ್ಯುತ್ತಿತ್ತು, ಅದರಲ್ಲಿ ಸಂಶಯ ಬೇಡ.

ವಕೀಲರ ವಾದವನ್ನು ಪರೀಕ್ಷಿಸಲು ಎಲ್ಲಕ್ಕಿಂತ ಒಳ್ಳೆಯ ಪ್ರಕರಣ ಇನ್ನೂ ಇತ್ಯರ್ಥವಾಗದೆ ಉಳಿದಿರುವ, ಉತ್ತರ ನಾಡಿನ ಹಾರ್ನ್‌ವುಡ್ ಮನೆತನದ್ದು. ಪ್ರಭು ಹ್ಯಾಲಿಸ್ ಮತ್ತು ಅವನ ಒಬ್ಬನೇ ಔರಸ ಪುತ್ರ ಡ್ಯಾರಿನ್ ಇಬ್ಬರೂ ರಾಬ್ ಸ್ಟಾರ್ಕ್‌ನ ಯುದ್ಧದಲ್ಲಿ ಸತ್ತ ಮೇಲೆ, ವಿಂಟರ್‌ಫೆಲ್‌ನಲ್ಲಿ ರಾಬ್‌ನ ತಮ್ಮ ಪುಟ್ಟ ಬ್ರ್ಯಾನ್‌ನ ಎದುರು ಸುತ್ತಲಿನ ಮನೆತನಗಳೆಲ್ಲ ಆ ಭೂಮಿಯ ಮೇಲೆ ಕಣ್ಣಿಟ್ಟು ಮಾತನಾಡುವ ಪ್ರಕರಣಗಳನ್ನು ನೆನಪಿಸಿಕೊಳ್ಳಿ. ಲಿಯೋಬಾಲ್ಡ್ ಟಾಲ್‌ಹಾರ್ಟ್‌ನ ಹೆಂಡತಿ ಬೆರೆನಾ ಹುಟ್ಟಿನಿಂದ ಹಾರ್ನ್‌ವುಡ್ ಮನೆತನದವಳು. ತಮ್ಮ ಕಿರಿಯ ಮಗ ಬೆರೆನ್‌ನನ್ನು ವಾರಸುದಾರನನ್ನಾಗಿ ಮಾಡಿದರೆ ಅವನು ಹಾರ್ನ್‌ವುಡ್ ಹೆಸರನ್ನೇ ಇಟ್ಟುಕೊಳ್ಳುತ್ತಾನೆ ಎಂದು ಲಿಯೋಬಾಲ್ಡ್ ಸೂಚಿಸುತ್ತಾನೆ. ಇನ್ನೊಂದು ಕಡೆ ಹ್ಯಾಲಿಸ್‌ನ ಅನೌರಸ ಮಗ ಲಾರೆನ್ಸ್ ಸ್ನೋ ಗ್ಲೋವರ್ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಒಬ್ಬನಿಗೆ ಮಗಳ ಕಡೆಯ ರಕ್ತ, ಹೆಸರು ಬದಲಿಸುವ ಸಿದ್ಧತೆ. ಇನ್ನೊಬ್ಬನಿಗೆ ತಂದೆಯ ಕಡೆಯ ರಕ್ತ, ಮನೆತನದ ಹೆಸರೇ ಇಲ್ಲ. ತೀರ್ಮಾನವಾಗುವ ಮೊದಲೇ ರಾಮ್ಸಿ ಬೋಲ್ಟನ್ ಹ್ಯಾಲಿಸ್‌ನ ವಿಧವೆ ಡೊನೆಲಾಳನ್ನು ಬಲವಂತವಾಗಿ ಮದುವೆಯಾಗಿ ಗೋಪುರದಲ್ಲಿ ಉಪವಾಸ ಕೆಡವಿ ಕೊಂದು ಭೂಮಿಯ ಮೇಲೆ ಹಕ್ಕು ಸಾಧಿಸಿದನು.

ವಿರಾಜಪೇಟೆ ವಕೀಲರು:

ಹಾಗಾದರೆ ಈಗ ಆ ಹುಡುಗರ ಪರ ನಿಂತಿರುವವರು ಯಾರು ಎಂಬುದನ್ನೇ ನೋಡಬೇಕು. ಲಿಯೋಬಾಲ್ಡ್ ವಿಂಟರ್‌ಫೆಲ್ ಗೋಡೆಯ ಹೊರಗೆ ಸತ್ತಿದ್ದಾನೆ. ಬೆರೆನಾ ಮತ್ತು ಅವಳ ಮಕ್ಕಳು 2011ರ ಐದನೆಯ ಸಂಪುಟದ ಹೊತ್ತಿಗೂ ಟೊರೆನ್ಸ್ ಸ್ಕ್ವೇರ್‌ನಲ್ಲಿ ಉಕ್ಕಿನ ದ್ವೀಪದವರ ಸೆರೆಯಲ್ಲಿದ್ದಾರೆ. ಲಾರೆನ್ಸ್ ಇದ್ದ ಡೀಪ್‌ವುಡ್ ಕೋಟೆಯನ್ನು, ಸಿಂಹಾಸನ ತನ್ನದೆನ್ನುವ ಸ್ಟ್ಯಾನಿಸ್ ಬರಾಥಿಯನ್ ಬಿಡಿಸಿಕೊಂಡಾಗಿದೆ, ಗ್ಲೋವರ್‌ಗಳು ಅವನ ಜೊತೆಗಿದ್ದಾರೆ. ಅನೌರಸನಿಗೆ ಹೆಸರು ಕೊಡಲು ದೊರೆಯ ಒಂದು ಪತ್ರ ಸಾಕು, ಮತ್ತು ಬೋಲ್ಟನ್ನರ ಕೈಯಿಂದ ಹಾರ್ನ್‌ವುಡ್ ಕಿತ್ತುಕೊಳ್ಳಲು ಸ್ಟ್ಯಾನಿಸ್‌ಗೆ ಅಂತಹ ಹುಡುಗನ ಅಗತ್ಯವಿದೆ. ನಾನಂತೂ ಲಾರೆನ್ಸ್ ಕಡೆಗೆ ಹಣ ಕಟ್ಟುತ್ತೇನೆ.

ಗೋಣಿಕೊಪ್ಪಲಿನ ಅಕ್ಕ:

ನಾನು ಬೆರೆನ್ ಕಡೆಗೆ. ಅವನ ತಾಯಿ ಇನ್ನೂ ಬದುಕಿದ್ದಾಳೆ.